ನಾಲ್ಕು ಕಾಲೂ ನೆಲದ ಮೇಲೆ

ಮದುವೆಯಾದ ವರ್ಷ ಆಷಾಢಕ್ಕೆಂದು ಮಾಸ್ತಿ ಹತ್ತಿರದ ತವರಿಗೆ ಹೋದವಳು, ಶ್ರೀನಿವಾಸಪುರದ ಕಡೆಯ ಅತ್ತೆಮನೆಗೆ ಹಿಂದಿರುಗುವಾಗ ಮಡಿಲಲ್ಲಿ ಒಂದು ನಾಯಿಮರಿ ತಂದೆ. ಯಾರನ್ನೂ ಕೇಳಿರಲಿಲ್ಲ, ತಪ್ಪು ನನ್ನದೇ. ಅದು ರೇಷ್ಮೆ ಹುಳು ಸಾಕುವ ಮನೆ. ಹುಳುವಿನ ಕೋಣೆಗೆ ಕಾಲು ತೊಳೆಯದೆ ಯಾರೂ ಹೋಗುತ್ತಿರಲಿಲ್ಲ, ಒಳಗೆ ಜೋರಾಗಿ ಮಾತೂ ಆಡುತ್ತಿರಲಿಲ್ಲ. ಯುದ್ಧದ ಕಾಲ; ಪ್ಯಾರಾಚೂಟಿನ ಬಟ್ಟೆಗೆ ಬೇಕೆಂದು ರೇಷ್ಮೆಗೂಡಿಗೆ ಎಲ್ಲಿಲ್ಲದ ಬೇಡಿಕೆ. ಅಂಥ ಮನೆಯಲ್ಲಿ ನನ್ನ ಮರಿ ಮನುಷ್ಯರನ್ನು ಕಂಡರೆ ಸಾಕು, ಮೈಮೇಲೆ ನೆಗೆಯುತ್ತಿತ್ತು.

ಒಂದು ದಿನ ಹಿಪ್ಪುನೇರಳೆ ಸೊಪ್ಪಿನ ಮಂಕರಿ ಹೊತ್ತಿದ್ದ ಅತ್ತೆಯ ಮೇಲೆ ಹಾರಿ ಸೊಪ್ಪನ್ನೆಲ್ಲ ಮಣ್ಣುಪಾಲು ಮಾಡಿತು. ಅತ್ತೆ ಕೂಗಾಡಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

"ಹುಳ ಹಣ್ಣಾಗೋವರ್ಗೂ ನೋಡ್ತೀನಿ. ಆಗ್ಲೂ ಹಿಂಗೇ ಆಡಿದ್ರೆ ರಾಯಲ್ಪಾಡಿಗೆ ಹೋಗೋ ಬಂಡೀಲಿ ಇದನ್ನ ಕಳಿಸ್ಬಿಡ್ತೀನಿ ಕಣೇ," ಎಂದರು.

ಹಣ್ಣಾಗುವುದೆಂದರೆ ಹುಳು ಮೇವು ಬಿಟ್ಟು ಗೂಡು ಕಟ್ಟಲು ಸಿದ್ಧವಾಗುವುದು. ಅದಕ್ಕೆ ಉಳಿದದ್ದು ಹನ್ನೆರಡು ದಿನ. ಆ ಮನೆಯಲ್ಲಿ ನನ್ನದು ಎನ್ನುವ ಜೀವ ಅದೊಂದೇ ಆಗಿತ್ತು.

ಮರಿ ನೆಗೆದಾಗಲೆಲ್ಲ ಸುಮ್ಮನಾಗಲಿ ಎಂದು ನಾನು ಮುದ್ದೆಯ ಚೂರು ಹಾಕುತ್ತಿದ್ದೆ. ಪಕ್ಕದ ಮನೆಯ ಜಟಕಾ ಓಡಿಸುವ ಸಾಹೇಬರ ಹೆಂಡತಿ, ಗಂಡನಿಗಿಂತ ಚೆನ್ನಾಗಿ ಕುದುರೆ ಪಳಗಿಸುವವರು, ಗೋಡೆಯಾಚೆಯಿಂದ ನೋಡಿ ನಕ್ಕರು.

"ನೆಗೆಯೋಕೆ ನೀನೇ ಕಲಿಸ್ತಾ ಇದೀಯಲ್ಲಮ್ಮ. ಬೆನ್ನು ತಿರುಗಿಸ್ಕೊಂಡು ನಿಂತ್ಕೋ. ಮಾತೂ ಬೇಡ, ಬೈಗಳೂ ಬೇಡ. ನಾಲ್ಕು ಕಾಲೂ ನೆಲಕ್ಕೆ ಬಂದ್ಮೇಲೆ ಮುದ್ದೆ ಕೊಡು."

ನನಗೋ ಮೂಗಿನ ತುದಿಯಲ್ಲೇ ಕೋಪ. ಹಿತ್ತಿಲಲ್ಲಿ ಬೆನ್ನು ತಿರುಗಿಸಿ ನಿಂತರೆ ಮರಿ ಸೀರೆ ಎಳೆಯುವುದು, ಪರಚುವುದು; ಹಲ್ಲು ಕಚ್ಚಿ ನಿಲ್ಲುತ್ತಿದ್ದೆ. ಎಂಟನೆಯ ದಿನಕ್ಕೆ ನನ್ನ ಮುಂದೆ ಕುಳಿತುಕೊಳ್ಳಲು ಕಲಿಯಿತು. ಬೇರೆಯವರ ಮುಂದೆ ಮಾತ್ರ ಅದೇ ಕುಣಿತ.

ಹನ್ನೆರಡನೆಯ ದಿನ ಹುಳು ಹಣ್ಣಾದವು. ಅವನ್ನು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಲೆಂದು ಅತ್ತೆ ಮೊರದ ತುಂಬ ಹುಳು ಹಿಡಿದು ಅಂಗಳಕ್ಕೆ ಬಂದರು. ಅಷ್ಟರಲ್ಲಿ ಹಗ್ಗ ಕಡಿದುಕೊಂಡು ಮರಿ ಓಡಿಬಂತು. ಒಂದು ನೆಗೆತಕ್ಕೆ ತಿಂಗಳ ದುಡಿಮೆ ಮಣ್ಣಾಗುತ್ತಿತ್ತು. ಅತ್ತೆ ಒದೆಯಲು ಕಾಲೆತ್ತಿದರು.

"ಒದೀಬೇಡಿ ಅತ್ತೆ. ಬೆನ್ನು ತಿರುಗಿಸಿ ನಿಂತ್ಕೊಳ್ಳಿ," ಎಂದೆ.

ಅವರಿಗೆ ಎಂದೂ ಹಾಗೆ ಅಪ್ಪಣೆ ಮಾಡಿದವಳಲ್ಲ. ಅತ್ತೆ ತಿರುಗಿ, ಗೋಡೆಗೆ ಮುಖ ಮಾಡಿ ನಿಂತರು. ಮರಿ ನೆಗೆದು ಸೆರಗು ಪರಚಿತು. ಇನ್ನೊಂದು ಸಲ ನೆಗೆಯಿತು. ಮೊರ ನಡುಗಿತು, ಬೀಳಲಿಲ್ಲ. ಮೂರನೆಯ ಸಲ ನೆಗೆಯಲಿಲ್ಲ. ಬಾಲ ಆಡಿಸುತ್ತ ಕುಳಿತುಬಿಟ್ಟಿತು.

"ಈಗ ತಿರುಗ್ಲೇನೇ?" ಅತ್ತೆ ಗೋಡೆಯನ್ನೇ ನೋಡುತ್ತ ಮೆಲ್ಲಗೆ ಕೇಳಿದರು.

"ಇನ್ನೊಂಚೂರು ತಡೀರಿ," ಎಂದೆ.

ತಡೆಯುವ ಅಗತ್ಯವೇನೂ ಇರಲಿಲ್ಲ. ಮರಿ ಉಳಿಯಿತು ಎಂದು ನನಗೆ ಆಗಲೇ ಗೊತ್ತಾಗಿತ್ತು. ಆದರೆ ನಾನು ಆ ಮನೆಗೆ ಬಂದಾಗಿನಿಂದ ಅವರು ಯಾವುದನ್ನೂ ನನ್ನನ್ನು ಕೇಳಿ ಮಾಡಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿರಲಿ ಎನ್ನಿಸಿತು.