ಕೈ ಮುಗಿಯುತ್ತಿದ್ದ ಕೂಸು

ಬೆಳಿಗ್ಗೆ ಆರೂ ಮುಕ್ಕಾಲು. ಆ ಹೊತ್ತಿಗೆ ಎಲ್ಲಿಂದಲಾದರೂ ಸಾಂಬ್ರಾಣಿಯ ಹೊಗೆ ತೇಲಿ ಬಂದರೆ ನನ್ನ ಕೈಯಲ್ಲಿರುವ ಕೆಲಸ ನಿಂತುಹೋಗುತ್ತದೆ. ನಿನ್ನೆಯೂ ಹಾಗೇ ಆಯಿತು. ಹೊಳಲ್ಕೆರೆಯ ಈ ಬೀದಿಯ ಎದುರು ಮನೆಗೆ ಬಾಣಂತಿ ಬಂದಿದ್ದಾಳೆ. ಮಗುವಿಗೆ ನೀರು ಹಾಕಿ ಹೊಗೆ ಕೊಟ್ಟಿರಬೇಕು. ತಲೆ ಬಾಚಿಕೊಳ್ಳುತ್ತಿದ್ದವಳು ಬಾಚಣಿಗೆ ಹಿಡಿದೇ ಕಿಟಕಿಯ ಬಳಿ ನಿಂತುಬಿಟ್ಟೆ...

ಹಿರಿಯೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯಲ್ಲಿ ಎಲ್ಲವೂ ಕೆಡಲು ಶುರುವಾದದ್ದು ಇದೇ ಹೊತ್ತಿನಲ್ಲಿ. ನಾನಾಗ ಅಲ್ಲಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಮಹಡಿಯ ಮೇಲಿನ ಒಂಟಿ ಕೋಣೆ ನನ್ನದು. ಕೆಳಗೆ ಓನರಮ್ಮನ ಸಂಸಾರ. ಬೀದಿಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು, ನಾನೂ ಕರೆಯುತ್ತಿದ್ದೆ. ಧರ್ಮಪುರದ ಕಡೆಯಿಂದ ಬಂದವರು, ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ನಗು. ಗಂಡ ಹೋಗಿ ಬಹಳ ಕಾಲವಾಗಿತ್ತು. ಮಗ ಬಸ್ ಕಂಡಕ್ಟರು, ಮನೆಯಲ್ಲಿರುವುದೇ ಅಪರೂಪ. ಸೊಸೆಗೆ ಎರಡು ಸಲ ಬಸಿರು ನಿಲ್ಲದೆ, ಆಮೇಲೆ ಹುಟ್ಟಿದ ಗಂಡುಮಗು. ಮನೆದೇವರಿಗೆ ಹರಕೆ ಹೊತ್ತು ಪಡೆದ ಕೂಸು ಎಂದು ಓನರಮ್ಮ ಗೇಟಿನ ಮುಂದೆ ಹಾದುಹೋದವರಿಗೆಲ್ಲ ಹೇಳುತ್ತಿದ್ದರು.

ಕೂಸಿಗೆ ಐದು ತಿಂಗಳು ತುಂಬಿತ್ತು. ಆ ಬೆಳಿಗ್ಗೆ ಕೆಳಗಿನಿಂದ ಕೂಗು ಬಂತು.

"ಮೇಡಮ್ಮೋರೆ, ಬೇಗ ಬರ್ರಿ! ನಮ್ಮ ಪುಟ್ಟಪ್ಪ ಏನ್ ಮಾಡ್ತಾನೆ ನೋಡ್ಬರ್ರಿ!"

ಇಳಿದು ಹೋದೆ. ನಿದ್ದೆಯಿಂದ ಆಗಷ್ಟೇ ಎದ್ದ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅವರು ದೇವರ ಗೂಡಿನ ಮುಂದೆ ಕುಳಿತಿದ್ದರು. ದೀಪ ಉರಿಯುತ್ತಿತ್ತು, ಸಾಂಬ್ರಾಣಿ ಹೊಗೆಯಾಡುತ್ತಿತ್ತು. ಕೂಸು ಒಮ್ಮೆಲೇ ತಲೆ ತಗ್ಗಿಸಿ, ಎರಡೂ ಕೈಗಳನ್ನು ಮುಂದಕ್ಕೆ ತಂದು, ಸೊಂಟದಿಂದ ಬಾಗಿತು. ನೆಟ್ಟಗಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಾಗಿತು. ಮತ್ತೆ... ದೊಡ್ಡವರು ದೇವರಿಗೆ ನಮಸ್ಕಾರ ಮಾಡಿದ ಹಾಗೆಯೇ. ನಾನೂ ನಕ್ಕೆ. ಯಾರಾದರೂ ನಗುವಂಥ ನೋಟವೇ ಅದು.

ಮಾರನೆಯ ಬೆಳಿಗ್ಗೆಯೂ ಬಾಗಿತು. ಅದರ ಮಾರನೆಯ ದಿನವೂ. ಬೀದಿಗೆಲ್ಲ ಸುದ್ದಿಯಾಗಿ, ಹೆಂಗಸರು ಹೂವು ಬಾಳೆಹಣ್ಣು ಹಿಡಿದು ಬರತೊಡಗಿದರು.

"ಇವನ್ನ ಮಠಕ್ಕೆ ಕೊಟ್ಬಿಡು, ಮುಂದೆ ನಮಗೆಲ್ಲ ಆಶೀರ್ವಾದ ಮಾಡ್ತಾನೆ" ಎಂದು ಪಕ್ಕದ ಮನೆಯಾಕೆ ಕೆಣಕಿದರು.

"ಮಠಕ್ಕೆ ಯಾಕ್ ಕೊಡ್ಲೇ? ನಿನ್ ಮೊಮ್ಮಗಳನ್ನೇ ಇವನಿಗೆ ತಂದ್ಕಂಡು ಅವಳ ಮುಂದೆನೂ ಹಿಂಗೇ ಬಗ್ಗುಸ್ತೀನಿ ತಡಿ!" ಎಂದರು ಓನರಮ್ಮ. ಮನೆಯೆಲ್ಲ ನಗು. ನಡುವೆ ಕೂಸು ಮಾತ್ರ ಬಾಗಿ ಎದ್ದು ಒಂದೊಂದು ಸಲ ಕಿರ್ರೆಂದು ಅಳುತ್ತಿತ್ತು. ಜನ ನೋಡಿ ಹೆದರಿತು ಎಂದುಕೊಂಡೆವು.

ಒಂದು ಮಧ್ಯಾಹ್ನ ಸೊಸೆ ಬಟ್ಟೆ ಒಣಹಾಕಲು ಮಹಡಿಗೆ ಬಂದವಳು, ಹಿಂಡಿದ ಸೀರೆಯನ್ನು ಹಗ್ಗದ ಮೇಲೆ ಹಾಕದೆ ಕೈಯಲ್ಲೇ ಹಿಡಿದು ನಿಂತಳು.

"ಮೇಡಂ, ಇವನು ನನ್ನ ನೋಡಿ ನಗೋದು ಬಿಟ್ಟವ್ನೆ."

"ಯಾವಾಗಿಂದ?"

"ಗೊತ್ತಿಲ್ಲ. ಮೊದಲು ನನ್ ಬಳೆ ಸದ್ದಿಗೇ ತಿರುಗೋನು. ಈಗ ಮುಖದ ಮುಂದೆ ಮುಖ ಇಟ್ರೂ ಎಲ್ಲೋ ನೋಡ್ತಾನೆ. ಅತ್ತೆ ಹಲ್ಲು ಬರೋ ಹೊತ್ತು ಅಂತಾರೆ..."

ಕೂಸಿನ ನಮಸ್ಕಾರದ ವಿಡಿಯೋ ನನ್ನ ಫೋನಿನಲ್ಲಿತ್ತು. ಮಕ್ಕಳ ಡಾಕ್ಟರಾಗಿರುವ ಹಳೆಯ ಗೆಳತಿಗೆ ಅದನ್ನು ಕಳಿಸಿದೆ. ಕೂಡಲೇ ಅವಳ ಫೋನು ಬಂತು. ನಿದ್ದೆಯಿಂದ ಎದ್ದಾಗಲೇ ಹೀಗಾಗುತ್ತಾ, ಒಂದರ ಹಿಂದೊಂದು ಸಾಲಾಗಿ ಬರುತ್ತಾ, ಮಗು ನಗುತ್ತಾ ಎಂದು ಕೇಳಿದಳು. ಹೇಳಿದೆ.

"ಇದು ನಮಸ್ಕಾರ ಅಲ್ಲ ಕಣೇ. ಫಿಟ್ಸ್. ನಾಳೆ ನಾಡಿದ್ದು ಅಂತ ತಳ್ಳಬೇಡಿ."

ಆಮೇಲೆ ಅವಳು ಬಿಡಿಸಿ ಹೇಳಿದ್ದು ನನಗೆ ಇಂದಿಗೂ ಕೇಳಿಸುತ್ತದೆ. ಎಳೆಯ ಮಗುವಿನ ಮಿದುಳು ದಿನದಿನವೂ ಹೊಸ ದಾರಿಗಳನ್ನು ಹಾಕಿಕೊಳ್ಳುತ್ತಿರುತ್ತದೆ. ಅಮ್ಮನ ಮುಖ ಗುರುತಿಸಲು ಒಂದು ದಾರಿ, ದನಿ ಬಂದ ಕಡೆ ತಿರುಗಲು ಒಂದು, ಕೈ ಚಾಚಿ ಹಿಡಿಯಲು ಇನ್ನೊಂದು. ಈ ಫಿಟ್ಸ್ ಇರುವಾಗ ಆ ಕೆಲಸವೇ ಕೆಡುತ್ತದೆ. ಹೊಸ ದಾರಿ ಬೀಳುವುದಿಲ್ಲ, ಬಿದ್ದದ್ದೂ ಅಳಿಸಿಹೋಗುತ್ತದೆ. ಬೇಗ ನಿಲ್ಲಿಸಿದಷ್ಟೂ ಉಳಿಯುವುದು ಹೆಚ್ಚು.

ಕೆಳಗಿಳಿದು ಓನರಮ್ಮನಿಗೆ ಹೇಳಿದೆ. ಅವರ ಮುಖ ಕಪ್ಪಿಟ್ಟಿತು.

"ದೇವ್ರಿಗೆ ಕೈ ಮುಗಿಯೋದು ರೋಗ ಏನ್ರಿ? ಓದಿದೋರ ಕಣ್ಣಿಗೆ ಎಲ್ಲಾ ರೋಗನೇ ಕಾಣ್ತೈತೆ. ಆ ಮಾತು ನಿಮ್ಮ ಹತ್ರನೇ ಇಟ್ಕಳ್ರಿ."

ಬಾಗಿಲು ಹಾಕಿಕೊಂಡರು. ಮಗ ಡ್ಯೂಟಿಯ ಮೇಲಿದ್ದ, ಫೋನು ಸಿಗಲಿಲ್ಲ. ಒಳಗೆ ಸೊಸೆ ಅಳುವುದು ಕೇಳುತ್ತಿತ್ತು, ಅತ್ತೆಯ ದನಿ ಕೇಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆಯ ಗಂಟೆ ಕೇಳಿಸಲಿಲ್ಲ. ಮೆಟ್ಟಿಲ ಮೇಲೆ ಬಂದು ನಿಂತೆ. ಓನರಮ್ಮ ಹಿತ್ತಲಲ್ಲಿದ್ದರು. ಆಗಷ್ಟೇ ಕಣ್ಣು ಬಿಟ್ಟ ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಬಚ್ಚಲ ಗೋಡೆಗೆ ಮುಖ ಮಾಡಿ ಕುಳಿತಿದ್ದರು. ಗಾರೆಯಿಲ್ಲದ ಬರೀ ಇಟ್ಟಿಗೆ ಗೋಡೆ. ದೀಪವಿಲ್ಲ, ಹೊಗೆಯಿಲ್ಲ. ಕೂಸು ತಲೆ ತಗ್ಗಿಸಿ, ಕೈ ತಂದು, ಗೋಡೆಗೆ ಬಾಗಿತು. ಅವರು ಅದನ್ನು ಇನ್ನೊಂದು ಕಡೆಗೆ ತಿರುಗಿಸಿದರು. ಬಟ್ಟೆ ಒಗೆಯುವ ಕಲ್ಲಿಗೂ ಬಾಗಿತು. ಮತ್ತೆ ತಿರುಗಿಸಿದರು. ಮೂಲೆಯ ಪೊರಕೆಗೂ ಬಾಗಿತು.

ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಆ ಬೆನ್ನು ಅಲುಗಲಿಲ್ಲ. ಕೊನೆಗೆ ಹಿಂದಿರುಗಿ ನೋಡದೆಯೇ ಹೇಳಿದರು:

"ಮೇಡಮ್ಮೋರೆ, ಹೋಗಾಣ ನಡೀರಿ."

ಬಾಡಿಗೆ ಕಾರಿನಲ್ಲಿ, ಗೆಳತಿ ಹೇಳಿದ ಚಿತ್ರದುರ್ಗದ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಕೂಸು ನಿದ್ದೆ ಹೋಯಿತು. ಹೆದ್ದಾರಿಯಲ್ಲಿ ಲಾರಿಗಳು ಹಾರ್ನ್ ಹೊಡೆದಾಗಲೆಲ್ಲ ಓನರಮ್ಮ ಅದರ ಕಿವಿಗಳನ್ನು ಅಂಗೈಯಿಂದ ಮುಚ್ಚುತ್ತಿದ್ದರು. ಎದ್ದರೆ ಮತ್ತೆ ಬಾಗುತ್ತದಲ್ಲ...

ಅಲ್ಲಿನ ಡಾಕ್ಟರು ವಿಡಿಯೋ ನೋಡಿದರು, ಕೂಸಿನ ಕಣ್ಣ ಮುಂದೆ ಕೆಂಪು ಚೆಂಡು ಆಡಿಸಿದರು. ಕೂಸು ನೋಡಲಿಲ್ಲ. ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿದರು. ಯಾವಾಗಿನಿಂದ ಎಂದು ಕೇಳಿದಾಗ ಸೊಸೆ ಬಾಯಿ ತೆರೆಯುವ ಮೊದಲೇ ಓನರಮ್ಮ ಹೇಳಿದರು, "ಮೂರು ವಾರ ಆತು ಸ್ವಾಮಿ. ದಿನಾ ಕೂರುಸ್ಕಂಡು ನಾನೇ ಮಾಡುಸ್ದೆ."

"ನೀವು ಮಾಡಿಸಿದ್ದಲ್ಲಮ್ಮ. ಕೂರಿಸದೇ ಇದ್ದರೂ ಬರೋದು."

"ಆ ಮೂರು ವಾರ ತಿರುಗಿ ಬರ್ತೈತಾ?"

ಡಾಕ್ಟರು ಕೆಂಪು ಚೆಂಡನ್ನು ಮೇಜಿನ ಮೇಲಿಟ್ಟರು. "ಮೊದಲು ನಿಲ್ಲಿಸೋಣ. ಏನು ಹಿಂದೆ ಬಿದ್ದಿದೆ ಅನ್ನೋದು ಅವನು ಬೆಳೀತಾ ಗೊತ್ತಾಗುತ್ತೆ. ಮುಖ ತೋರಿಸಿ, ಮಾತಾಡ್ಸಿ. ಅವನು ನೋಡದಿದ್ದರೂ ಮಾತಾಡ್ಸಿ."

ಔಷಧಿ ಶುರುವಾಯಿತು. ಅದರಿಂದ ಕೂಸಿನ ಮುಖ ಊದಿತು, ಹಸಿವು ಹೆಚ್ಚಾಯಿತು, ನಿದ್ದೆ ಹಾರಿಹೋಯಿತು. ಹಗಲಿರುಳೆನ್ನದೆ ಅಳು. ಮನೆಯಲ್ಲಿ ಯಾರೂ ಕಣ್ಣು ಮುಚ್ಚಲಿಲ್ಲ. ಆ ಅಳುವಿನ ನಡುವೆಯೇ ಓನರಮ್ಮನ ಮಾತು. "ಲೇ ಪುಟ್ಟಪ್ಪ, ಇದು ನಿಮ್ಮಜ್ಜಿ ಮೂಗು. ಇದು ಕಡ್ಲೆಕಾಯಿ, ನಿಮ್ಮಪ್ಪ ಕದ್ದು ತಿಂದು ಹೊಟ್ಟೆ ನೋವು ತಂದ್ಕಂತಿದ್ದ. ನೋಡಲೇ ಇತ್ತಾಗೆ..." ಕೂಸು ನೋಡುತ್ತಿರಲಿಲ್ಲ. ಅವರು ನಿಲ್ಲಿಸುತ್ತಿರಲಿಲ್ಲ. ಆ ದೊಡ್ಡ ಗಂಟಲು ಒಡೆದು ಪಿಸುಮಾತಾಗಿತ್ತು. ದೇವರಿಗೆ ದೀಪ ಹಚ್ಚುತ್ತಿದ್ದರು. ಆದರೆ ಕೈ ಮುಗಿಯುತ್ತಿರಲಿಲ್ಲ. ಗೂಡಿನ ಮುಂದೆ ಕೈ ಇಳಿಬಿಟ್ಟು ನಿಂತು ಬಂದುಬಿಡುತ್ತಿದ್ದರು.

ಹುಡುಗ ಈಗ ಶಾಲೆಗೆ ಹೋಗುತ್ತಾನೆ. ಮಾತು ತಡವಾಗಿ ಬಂತು. ಪೆನ್ಸಿಲ್ ಹಿಡಿದರೆ ಬೆರಳು ಸೋಲುತ್ತವೆ ಎಂದು ಸೊಸೆ ಫೋನಿನಲ್ಲಿ ಹೇಳುತ್ತಿರುತ್ತಾಳೆ. ಅದು ಆ ಮೂರು ವಾರಗಳಿಂದ ಬಂದದ್ದೋ ಅಲ್ಲವೋ, ಯಾರೂ ಖಚಿತವಾಗಿ ಹೇಳಿಲ್ಲ. ಅವನಿಗೆ ಮೂರು ವರ್ಷ ತುಂಬುವ ಮೊದಲೇ ಓನರಮ್ಮ ಹೋಗಿಬಿಟ್ಟರು. ಅಜ್ಜಿಯ ಮುಖ ಅವನಿಗೆ ನೆನಪಿಲ್ಲ. ಆ ವಯಸ್ಸಿನದು ಯಾರಿಗೂ ನೆನಪಿರುವುದಿಲ್ಲ. ನನಗೆ ಮಾತ್ರ ಬಸ್ಸಿನಲ್ಲಿ ಯಾರದೋ ಕೂಸು ನಿದ್ದೆಯಿಂದ ಎದ್ದರೆ ಸಾಕು, ಅದು ತಾಯಿಯ ಮುಖ ನೋಡಿ ನಗುವವರೆಗೂ ಅದರಿಂದ ಕಣ್ಣು ಕೀಳಲಾಗುವುದಿಲ್ಲ.

ಓನರಮ್ಮನನ್ನು ನೆನೆದರೆ ಗೋಡೆಯ ಮುಂದಿನ ಆ ಬೆನ್ನೇ ಮೊದಲು ಬರುತ್ತದೆ. ಅದನ್ನು ದಾಟಿಕೊಂಡು ಇನ್ನೊಂದು ಬೆಳಗಿಗೆ ಹೋಗಲು ನೋಡುತ್ತೇನೆ. ಬಾಗುವುದು ನಿಂತು ಕೆಲವು ದಿನಗಳಾಗಿದ್ದವು, ಅಳು ಇನ್ನೂ ನಿಂತಿರಲಿಲ್ಲ. ಆ ದಿನ ಬಿಸಿಲೇರಿದರೂ ಕೆಳಗಿನ ಮನೆಯಲ್ಲಿ ಸದ್ದಿಲ್ಲ. ಗೇಟಿಗೆ ಕಟ್ಟಿದ ಚೀಲದಲ್ಲಿ ಹಾಲಿನ ಪ್ಯಾಕೆಟ್ಟು ಹಾಗೇ ಇತ್ತು. ಇಳಿದು ಹೋಗಿ ಬಾಗಿಲು ತಟ್ಟಿದೆ. ತುಂಬ ಹೊತ್ತಿನ ಮೇಲೆ ಓನರಮ್ಮ ತೆರೆದರು. ಕೆದರಿದ ಕೂದಲು, ಕೆನ್ನೆಯ ಮೇಲೆ ಚಾಪೆಯ ಗೆರೆಗಳು.

"ಮೆತ್ತಗೆ ಮೇಡಮ್ಮೋರೆ... ರಾತ್ರಿಯೆಲ್ಲ ಮಲಗಿದ್ವಿ, ಮೂರು ಜನಾನೂ."

ಒಳಗೆ ಸೊಸೆ ಇನ್ನೂ ನಿದ್ದೆಯಲ್ಲಿದ್ದಳು. ಪಕ್ಕದಲ್ಲಿ ಕೂಸು ಆಗ ತಾನೇ ಕಣ್ಣು ಬಿಡುತ್ತಿತ್ತು. ನಾವಿಬ್ಬರೂ ಅಲ್ಲಾಡದೆ ನೋಡುತ್ತ ನಿಂತೆವು. ಬಾಗಲಿಲ್ಲ. ಸುಮ್ಮನೆ ಮಲಗಿತ್ತು. ಆಮೇಲೆ ಅಜ್ಜಿ ಪುಟ್ಟಪ್ಪ ಎಂದು ಪಿಸುಗುಟ್ಟಿದಾಗ, ದನಿ ಬಂದ ಬಾಗಿಲ ಕಡೆಗೆ ಮೆಲ್ಲಗೆ ತಲೆ ತಿರುಗಿಸಿತು. ನಗಲಿಲ್ಲ. ನೋಡಿತು, ಅಷ್ಟೇ.

ಬಿಸಿಲಿಗೆ ಹಾಲು ಒಡೆದಿರಬಹುದು ಎಂದೆ ನಾನು.

"ಒಡೀಲಿ ಬಿಡ್ರಿ" ಎಂದರು ಓನರಮ್ಮ. ಒಳಗೆ ಹೋಗಿ ಅವನ ಮಗ್ಗುಲಲ್ಲಿ ಮತ್ತೆ ಮಲಗಿಕೊಂಡರು.