ಜಡೆಯ ಗದ್ದೆಯಲ್ಲಿ ಹರಿದ ಲೈನ್

ಸೊರಬ ತಾಲ್ಲೂಕಿನಲ್ಲಿ ನಾನು ಕರೆಂಟಿನ ಲೈನ್‌ಮ್ಯಾನ್. ಲೈನ್ ಅಂದರೆ ಇಲ್ಲಿ ಫೋನೂ ಹೌದು, ರೇಷನ್ ಅಂಗಡಿಯ ಸಾಲೂ ಹೌದು, ಹುಡುಗಿಯ ಹಿಂದೆ ಬೀಳುವುದೂ ಹೌದು. ನನಗೆ ಮಾತ್ರ ಅದು ತಂತಿ.

ಒಂದು ಬೆಳಿಗ್ಗೆ ಜಡೆ ಊರಿನ ಕಡೆಯ ಹೆಂಗಸೊಬ್ಬರು ಫೋನ್ ಮಾಡಿದರು. "ಗದ್ದೇಲಿ ಲೈನ್ ಹರಿದು ಬಿದ್ದದೆ ರೀ. ಭತ್ತದ ನಟ್ಟಿ ಮಾಡೋರು ನೀರಲ್ಲೇ ನಿಂತಾರೆ."

"ಎಲ್ಲರೂ ಈಗಲೇ ಬದುವಿಗೆ ಹತ್ತಿ" ಎಂದು ಹೇಳಿ, ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಆ ಕಡೆಯ ಕರೆಂಟು ಪೂರ್ತಿ ತೆಗೆಸಿದೆ. ಬೈಕ್ ಹತ್ತಿ ಹೋಗಿ ನೋಡಿದರೆ ಏಳೆಂಟು ಹೆಂಗಸರು ಬದುವಿನ ಮೇಲೆ ನಿಂತಿದ್ದರು. ತಂತಿಗಳೆಲ್ಲ ಕಂಬದ ಮೇಲೆ ನೆಟ್ಟಗಿದ್ದವು. ಹರಿದಿದ್ದು ಬೋರ್‌ವೆಲ್ಲಿನ ಪೈಪು.

"ಪೈಪ್‌ಲೈನ್ ಅಲ್ವೇನ್ರೀ ಇದು? ನೀವು ಲೈನ್‌ಮ್ಯಾನ್ ಅಂತಲೇ ಕರೆದೆ" ಎಂದರು ಫೋನ್ ಮಾಡಿದಾಕೆ.

ಅಷ್ಟರಲ್ಲಿ ಅಕ್ಕಿ ಗಿರಣಿಯವರು ಕರೆಂಟು ಹೋಗಿದ್ದಕ್ಕೆ ಬೈಯಲು ಫೋನ್ ಮಾಡಿದರು. "ನಾಳೆ ಇಂಥದೇ ಫೋನ್ ಬಂದರೂ ಮೊದಲು ಕರೆಂಟು ತೆಗೆಸ್ತೀನಿ, ಆಮೇಲೆ ಅರ್ಥ ಕೇಳ್ತೀನಿ" ಎಂದೆ. ಇವತ್ತೂ ಹಾಗೇ ಮಾಡುತ್ತೇನೆ.

ಆಮೇಲೆ ಕರೆಂಟು ಮತ್ತೆ ಕೊಡಿಸಿ, ಪ್ಯಾಂಟು ಮಡಚಿ ಕೆಸರಿಗಿಳಿದೆ. ಪೈಪು ನನ್ನ ಇಲಾಖೆಗೆ ಸೇರಿದ್ದಲ್ಲ ಎಂದು ಆಕೆಗೆ ವಿವರಿಸುವುದಕ್ಕಿಂತ ಜೋಡಿಸಿಕೊಡುವುದೇ ಸುಲಭವಾಗಿತ್ತು.