ನಾಲೆಯಾಚೆಯ ಬಸವ

ತವರೂರಿನಲ್ಲಿ ನಾನು ಕೈಮುಗಿಯುತ್ತಿದ್ದವನನ್ನು ಗಂಡನ ಊರಿನಲ್ಲಿ ಭಯೋತ್ಪಾದಕ ಎನ್ನುತ್ತಾರೆ. ಪೊಲೀಸರಿಗೆ ಹೇಳಿಬಿಟ್ಟೀರಿ ಮತ್ತೆ! ಆತನಿಗೆ ನಾಲ್ಕು ಕಾಲು, ಎರಡು ಕೊಂಬು. ತವರಿನವರು ದೇವರ ಹೆಸರಿನಲ್ಲಿ ಬಿಟ್ಟ ಬಸವ.

ಹಾಗೆ ಬಿಟ್ಟ ಬಸವನಿಗೆ ಮೂಗುದಾರವಿಲ್ಲ, ಗೇಯ್ಮೆಯಿಲ್ಲ, ಯಾರೂ ಹೊಡೆಯುವಂತಿಲ್ಲ. ಇಷ್ಟು ಸವಲತ್ತು ಸಿಕ್ಕಿದ್ದರೆ ನಾನೂ ಪಕ್ಕದ ಗದ್ದೆಗೆ ನುಗ್ಗುತ್ತಿದ್ದೆ. ತವರು ತಿ. ನರಸೀಪುರ ತಾಲ್ಲೂಕು, ಗಂಡನ ಊರು ನಂಜನಗೂಡು ತಾಲ್ಲೂಕು, ನಡುವೆ ಒಂದು ನಾಲೆ. ಬಸವ ಆಚೆ ದಡದಲ್ಲಿ ಆರತಿ ಮಾಡಿಸಿಕೊಂಡು ಈಚೆ ದಡಕ್ಕೆ ಊಟಕ್ಕೆ ಬರುತ್ತಿದ್ದ. ತಾಂಡ್ಯದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಟೀವಿ ಮುಂದೆ ಕೂರುವ ನಮ್ಮ ಯಜಮಾನರು ಇದಕ್ಕೆ ‘ಗಡಿಯಾಚೆಗಿನ ಭಯೋತ್ಪಾದನೆ’ ಎಂದು ಹೆಸರಿಟ್ಟರು. ಊರೆಲ್ಲ ಅದನ್ನೇ ಹಿಡಿದುಕೊಂಡಿತು. ನಾನೋ, ಬೆಳಿಗ್ಗೆ ಅವರ ಜೊತೆ ಸೇರಿ ಬೈದು, ಯಾರೂ ಇಲ್ಲದಾಗ ಕೈಮುಗಿಯುತ್ತಿದ್ದೆ.

ಇದೇನೂ ಹೊಸದಲ್ಲ. ಎರಡೂ ಊರುಗಳಲ್ಲಿ ವೀರಗಲ್ಲುಗಳಿವೆ. ಹಿಂದೆ ಒಬ್ಬರ ದನವನ್ನು ಇನ್ನೊಬ್ಬರು ಹೊಡೆದುಕೊಂಡು ಹೋಗುತ್ತಿದ್ದರಂತೆ. ತಡೆಯಲು ಹೋಗಿ ಸತ್ತವನಿಗೆ ಅವನ ಊರಿನಲ್ಲಿ ಕಲ್ಲು, ಕದಿಯಲು ಹೋಗಿ ಸತ್ತವನಿಗೂ ಅವನ ಊರಿನಲ್ಲಿ ಕಲ್ಲು. ಎರಡರಲ್ಲೂ ಅದೇ ಅಪ್ಸರೆಯರು ಅದೇ ಸ್ವರ್ಗಕ್ಕೆ ಕರೆದೊಯ್ಯುತ್ತಿದ್ದಾರೆ. ಅವರಿಗೆ ತಾಲ್ಲೂಕು ತಿಳಿಯುವುದಿಲ್ಲವೋ ಏನೋ.

ಹೋದ ಆಷಾಢದಲ್ಲಿ ಬಸವ ನಮ್ಮತ್ತೆಯ ಹಿತ್ತಿಲಿಗೆ ನುಗ್ಗಿ ರಸಬಾಳೆಯ ಕಂದುಗಳನ್ನೆಲ್ಲ ಮೇಯ್ದುಬಿಟ್ಟ. ಈ ಸಲ ಲಾರಿ ಹತ್ತಿಸಿ ದೂರ ಸಾಗಿಸುವುದೇ ಸೈ ಎಂದು ಊರವರು ಹಗ್ಗ ಹಿಡಿದು ಬಂದರು. ಎಷ್ಟಾದರೂ ದೇವರ ಬಸವ, ಮುಟ್ಟುವ ಮೊದಲು ಕ್ಷಮೆ ಕೇಳಬೇಕಲ್ಲ ಎಂದು ಅತ್ತೆ ಅವನ ಪಾದ ತೊಳೆದು, ಅರಿಸಿನ ಕುಂಕುಮವಿಟ್ಟು, ಅಕ್ಕಿ ಬೆಲ್ಲ ತಿನ್ನಿಸಿದರು. ಅಲ್ಲಿಗೆ ಕೆಲಸ ಕೆಟ್ಟಿತು. ಪೂಜೆ ಮಾಡಿದ ಕೈಯಲ್ಲೇ ಹಗ್ಗ ಹಾಕುವುದು ಹೇಗೆ?

“ಬಂದವ್ನೆ, ಇರ್ಲಿ ಬುಡ್ರಪ್ಪ,” ಎಂದರು ಅತ್ತೆ. ಬೆಲ್ಲದ ರುಚಿ ಹತ್ತಿದ ಬಸವ ಹಿತ್ತಿಲಲ್ಲೇ ಮಲಗಿದ.

ಶ್ರಾವಣ ಬಂದರೂ ಬಸವ ಬಾರದ್ದು ಕಂಡು ನನ್ನ ತಮ್ಮ ಊರ ಹಿರಿಯರನ್ನು ಕಟ್ಟಿಕೊಂಡು ಬಂದ.

“ನಮ್ ದೇವ್ರನ್ನ ಇಡ್ಕಂಡು ಕೂತಿದ್ದೀರಲ್ಲ, ನೀವೇ ಕಣ್ರೀ ಟೆರರಿಸ್ಟುಗಳು!”

“ನಾವೆಲ್ಲಪ್ಪ ಕಟ್ಟಾಕಿದ್ದೀವಿ? ಬಂದ್ರೆ ಕರ್ಕಂಡೋಗು,” ಎಂದರು ಅತ್ತೆ.

“ಬಾರಪ್ಪ, ನಮ್ಮಪ್ಪ,” ಎಂದು ತಮ್ಮ ಗೋಗರೆದ. ಬಸವ ಮೆಲುಕು ಹಾಕುತ್ತ ಮುಖ ತಿರುಗಿಸಿದ. ಆ ಅವಮಾನವನ್ನು ಯಾರ ಮೇಲಾದರೂ ತೀರಿಸಿಕೊಳ್ಳಬೇಕಲ್ಲ, ಹೊರಡುವಾಗ ತಮ್ಮ ನನ್ನತ್ತ ತಿರುಗಿದ. “ದೇವ್ರು ಬರೋಗಂಟ ನೀನೂ ನಮ್ಮನೆ ಒಸ್ಲು ತುಳೀಬ್ಯಾಡ ಕಣಕ್ಕ.”

ಗೌರಿ ಹಬ್ಬ ಎದುರಿಗಿತ್ತು. ಅಪ್ಪ ಅಮ್ಮ ಹೋದ ಮೇಲೆ ನನಗೆ ತವರೆಂದರೆ ಅವನೊಬ್ಬನೇ. ನಗುವ ವಿಷಯವೇ ಆದರೂ ನನಗೆ ಅಳು ಬಂತು. ಹಿತ್ತಿಲಿಗೆ ಹೋಗಿ, “ದಮ್ಮಯ್ಯ, ಊರಿಗೆ ಹೋಗಪ್ಪ,” ಎಂದು ಬಸವನ ಕಾಲಿಗೂ ಬಿದ್ದೆ. ಅವನು ಬೆಲ್ಲವಿದೆಯೇ ಎಂದು ನನ್ನ ಸೆರಗು ಮೂಸಿದ.

ಹಬ್ಬ ಹತ್ತಿರ ಬಂದಾಗ ತಮ್ಮನ ಹೆಂಡತಿ ಫೋನ್ ಮಾಡಿದಳು. ದನಿ ಪಿಸುಗುಟ್ಟುವಷ್ಟು ತಗ್ಗಿತ್ತು.

“ಅವ್ರ ಮಾತು ಮನ್ಸಿಗೆ ಆಕ್ಕಬ್ಯಾಡಿ ಅತ್ತಿಗೆ. ಈ ವರ್ಸ ನಮ್ ಕಬ್ಬು ಎಂಗ್ ಬಂದದೆ ಗೊತ್ತಾ? ನಿಮ್ ತಮ್ಮನೂ ದಿನಾ ಬದುವಿನ ಮ್ಯಾಲೆ ನಿಂತ್ಕಂಡು ಒಬ್ರೇ ನಗ್ತಾರೆ, ಯಾರ್ತಾವೂ ಯೋಳಲ್ಲ ಅಷ್ಟೆ. ಅಬ್ಬಕ್ಕೆ ತಪ್ಪದೆ ಬನ್ನಿ. ದೇವ್ರನ್ನ ಮಾತ್ರ ಕರ್ಕಬರ್ಬ್ಯಾಡಿ.”